ಹೆಸರು ತೊಳೆದುಹೋದ ಸ್ಲೈಡು

ರಕ್ತದ ಹನಿ ಎಳೆದ ನಾಲ್ಕು ಗಾಜಿನ ಸ್ಲೈಡುಗಳಲ್ಲಿ ಒಂದರ ಮೇಲೂ ಹೆಸರು ಉಳಿಯಲಿಲ್ಲ. ನೀಲಿ ಶಾಯಿಯು ಸ್ಲೈಡಿಗೆ ಹಾಕಿದ ಬಣ್ಣದ ದ್ರಾವಣದಲ್ಲಿ ಕರಗಿ, ತೊಟ್ಟಿಯ ಬಿಳಿ ತಳದ ಮೇಲೆ ಎಳೆಎಳೆಯಾಗಿ ಹರಿದು, ಕೊಳವೆಯೊಳಗೆ ಇಳಿದುಹೋಯಿತು. ಸಣ್ಣ ಡಾಕ್ಟರಮ್ಮ ಚಿಮುಟ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಳು.

“ಪೆನ್ನಲ್ಲಿ ಬರೆದ್ರಾ?” ಬೆನ್ನ ಹಿಂದಿನಿಂದ ಪೆನ್ಸಿಲಯ್ಯ ಕೇಳಿದ.

ಅವನು ಆ ಪ್ರಯೋಗಾಲಯದ ಹಿರಿಯ ತಂತ್ರಜ್ಞ. ಮೂವತ್ತೆಂಟು ವರ್ಷದಿಂದ ಅದೇ ಮೇಜು, ಅದೇ ತೊಟ್ಟಿ, ಕಿವಿಯ ಮೇಲೆ ಅದೇ ಗೇಣುದ್ದದ ಪೆನ್ಸಿಲು. ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಇತ್ತೇನೋ, ಯಾರ ಬಾಯಲ್ಲೂ ಇರಲಿಲ್ಲ.

“ಬಣ್ಣದಲ್ಲಿರೋ ಸ್ಪಿರಿಟ್ಟಿಗೆ ಶಾಯಿ ನಿಲ್ಲಲ್ಲ, ಪೆನ್ಸಿಲ್ ಗೀಟು ನಿಲ್ಲುತ್ತೆ. ಮೊದಲನೇ ದಿನ ಹೇಳಿದ್ದೆ. ಎರಡನೇ ದಿನ ಹೇಳಿದ್ದೆ. ಮೂರನೇ ದಿನ ನನ್ನ ಬಾಯಿಗೇ ಬೇಜಾರಾಯ್ತು.”

“ಮನೇಲಿ ಪೆನ್ಸಿಲ್ ಸಿಗಲಿಲ್ಲ.”

“ಸ್ಕೂಲಿಗೆ ಹೋಗೋ ಮಗು ಇರೋ ಮನೇಲಿ ಪೆನ್ಸಿಲ್ ಸಿಗಲಿಲ್ಲ. ಸರಿ. ನಾಳೆ ಸಮುದ್ರದಲ್ಲಿ ಉಪ್ಪು ಸಿಗಲಿಲ್ಲ ಅನ್ನಿ.” ಅವನು ಬಗ್ಗಿ ತೊಟ್ಟಿಯನ್ನು ನೋಡಿದ. “ಅಭ್ಯಾಸದ್ದು ತಾನೇ? ರೋಗಿಗಳದ್ದಲ್ಲವಲ್ಲ?”

“ಅಲ್ಲ. ನಮ್ಮ ಮನೆಯವರದ್ದು.”

“ಬದುಕಿದಿರಿ. ರೋಗಿಗಳದ್ದಾಗಿದ್ರೆ ಇದೇ ತೊಟ್ಟಿಯಲ್ಲಿ ನಿಮ್ಮನ್ನೂ ತೊಳೆದು ಒಣಗಿಸ್ತಿದ್ದೆ.”

ಸಣ್ಣ ಡಾಕ್ಟರಮ್ಮ ಎಂಬುದು ವಾರ್ಡಿನ ರೋಗಿಗಳು ಇಟ್ಟ ಹೆಸರು. ಅವಳಿಗೇನೂ ಸಣ್ಣ ವಯಸ್ಸಲ್ಲ, ಮೂವತ್ನಾಲ್ಕು ತುಂಬಿತ್ತು. ಜ್ವರ, ಕಾಮಾಲೆ, ಎದೆನೋವು ಎಂದು ಬಂದವರಿಗೆಲ್ಲ ಎಂಟು ವರ್ಷ ಮದ್ದು ಕೊಟ್ಟವಳು. ಆಮೇಲೆ ರಕ್ತದ ಕಾಯಿಲೆಗಳನ್ನೇ ಪ್ರತ್ಯೇಕವಾಗಿ ಕಲಿಯಬೇಕೆಂಬ ಹಟ ತಲೆಗೆ ಹತ್ತಿ, ಮೂರು ವರ್ಷದ ತರಬೇತಿಗೆ ಸೇರಿ, ಮತ್ತೆ ವಿದ್ಯಾರ್ಥಿಯ ಬೆಂಚಿನ ಮೇಲೆ ಕೂತಿದ್ದಳು. ಸೇರಿ ನಾಲ್ಕು ತಿಂಗಳಾಗಿತ್ತು. ವಿಭಾಗದ ಮುಖ್ಯಸ್ಥೆಯನ್ನು ರೋಗಿಗಳು ದೊಡ್ಡ ಡಾಕ್ಟರಮ್ಮ ಎನ್ನುತ್ತಿದ್ದರು. ಅವರು ಎತ್ತರದಲ್ಲಿ ಇವಳ ಭುಜಕ್ಕೂ ಬರುತ್ತಿರಲಿಲ್ಲ, ಆದರೆ ಅವರ ಹೆಜ್ಜೆಯ ಸದ್ದಿಗೆ ಆಸ್ಪತ್ರೆಯ ಓಣಿಯುದ್ದಕ್ಕೂ ಮಾತು ನಿಲ್ಲುತ್ತಿತ್ತು.

ದೊಡ್ಡ ಡಾಕ್ಟರಮ್ಮನ ಕಟ್ಟಪ್ಪಣೆಗಳು ಎರಡು.

ಹೊಸದಾಗಿ ಸೇರಿದವರು ತಮ್ಮ ಕೈಯಾರೆ ಇನ್ನೂರು ಸ್ಲೈಡು ಮಾಡಬೇಕು ಎನ್ನುವುದು ಒಂದು. ರಕ್ತ ಎಣಿಸಲು ಯಂತ್ರವಿದೆ, ಸ್ಲೈಡಿಗೆ ಬಣ್ಣ ಹಾಕಲೂ ಯಂತ್ರವಿದೆ. ಇದ್ದರೇನಂತೆ. ತನ್ನ ಬೆರಳು ತಾನೇ ಚುಚ್ಚಿಕೊಂಡು, ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ತನ್ನ ಬೆರಳು ಸಾಲದಿದ್ದರೆ ಮನೆಯವರ ಬೆರಳು. “ಆರೋಗ್ಯವಾಗಿರೋ ರಕ್ತ ಹೇಗಿರುತ್ತೆ ಅಂತ ಕಣ್ಣಿಗೆ ಅಂಟಿಕೊಂಡಿರಬೇಕು. ಆಗ ಮಾತ್ರ ಕಾಯಿಲೆ ಎದ್ದು ಕಾಣುತ್ತೆ,” ಎನ್ನುತ್ತಿದ್ದರು.

ಇನ್ನೊಂದು, ಸೌದೆ ಹೊರೆಯ ಅಪ್ಪಣೆ. ರಕ್ತದ ಕ್ಯಾನ್ಸರುಗಳಲ್ಲಿ ಒಂದು ಜಾತಿ ಇದೆ. ಅದರ ಕೆಟ್ಟ ಕಣಗಳ ಹೊಟ್ಟೆಯೊಳಗೆ ಕೆಂಪು ಕಡ್ಡಿಗಳು ಒಂದರ ಮೇಲೊಂದು ಬಿದ್ದು ಸೌದೆ ಹೊರೆಯ ಹಾಗೆ ಕಾಣುತ್ತವೆ. ಮದ್ದು ಹೊತ್ತಿಗೆ ಸರಿಯಾಗಿ ಬಿದ್ದರೆ ಬಹಳ ಮಂದಿ ಪೂರ್ತಿ ಗುಣವಾಗುತ್ತಾರೆ. ತಡವಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡು ಮಿದುಳಿನೊಳಗೆ ಸೋರುತ್ತದೆ. ಬೆಳಗ್ಗೆ ನಡೆದುಕೊಂಡು ಬಂದವರು ಸಂಜೆ ಹೊತ್ತಿಗೆ ಇರುವುದಿಲ್ಲ.

“ಸೌದೆ ಹೊರೆ ಕಂಡ್ರೆ ಎರಡನೇ ಸಲ ನೋಡ್ಬೇಡಿ,” ಎಂದು ಮೊದಲನೆಯ ದಿನವೇ ಬೆರಳು ತೋರಿಸಿ ಹೇಳಿದ್ದರು. “ಕುರ್ಚಿಯಿಂದ ಏಳೋಕೂ ಮುಂಚೆ ನನಗೆ ಫೋನ್ ಮಾಡಿ. ಮಾತ್ರೆ ಮೊದಲು, ಖಾತ್ರಿ ಆಮೇಲೆ. ನೀವು ತಪ್ಪಾದ್ರೆ ನಾಲ್ಕು ಮಾತ್ರೆ ದಂಡ. ನೀವು ತಡ ಆದ್ರೆ ಒಂದು ಹೆಣ.”

ಎಲ್ಲರೂ ತಲೆಯಾಡಿಸಿದ್ದರು. ಸಣ್ಣ ಡಾಕ್ಟರಮ್ಮ ಎಲ್ಲರಿಗಿಂತ ಜೋರಾಗಿ ಆಡಿಸಿದ್ದಳು.

ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಊಟದ ಮೇಜು ಒರೆಸಿ, ಹಳೆಯ ಪತ್ರಿಕೆ ಹಾಸಿ, ಅಂಗಡಿ ತೆರೆದವಳಂತೆ ಸೂಜಿ, ಹತ್ತಿ, ಗಾಜು ಹರಡಿಕೊಂಡು ಕೂತಿದ್ದಳು. ಮೊದಲು ತನ್ನ ಬೆರಳು. ಆಮೇಲೆ ಗಂಡನದು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಸೂಜಿ ಕಂಡರೆ ಮುಖ ಗೋಡೆಯ ಕಡೆಗೆ ತಿರುಗುತ್ತಿತ್ತು.

“ಇನ್ನೂ ಎಷ್ಟು ಬೇಕು ನಿಂಗೆ?”

“ಎಪ್ಪತ್ಮೂರು.”

“ನನ್ನ ಹತ್ರ ಇರೋದು ಹತ್ತೇ ಬೆರಳು. ನೋಡ್ಕೊಂಡು ಖರ್ಚು ಮಾಡು.”

ಮೂರನೆಯದು ಮಗಳು. ಎಂಟು ವರ್ಷ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟೇ ಇದ್ದಳೆಂದು ಅವಳ ಅಜ್ಜಿ ಗುಂಡಿ ಎಂದು ಕರೆದು, ಅದೇ ಖಾಯಂ ಆಗಿತ್ತು. ನೋಯಲ್ಲ ಅಂತ ಹೇಳಿ ನೋಯಿಸ್ತೀಯ ನೀನು ಎಂದು ತಾಯಿಯನ್ನು ಬೈದು, ಹತ್ತಿ ಒತ್ತಿಕೊಳ್ಳದೆ ಓಡಿಹೋಗಿ, ಪರದೆಯ ಮೇಲೆ ಎರಡು ಕೆಂಪು ಚುಕ್ಕೆ ಮಾಡಿದಳು.

ಕೊನೆಗೆ ಅತ್ತೆ. ಅತ್ತೆಗೆ ಅರವತ್ತೆರಡು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ನಲವತ್ತು ವರ್ಷದಿಂದ ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು. ಕುತ್ತಿಗೆಯಲ್ಲಿ ಅಳತೆ ಪಟ್ಟಿ, ಸೆರಗಿನ ತುದಿಗೆ ಸಾಲಾಗಿ ಗುಂಡುಸೂಜಿ. ಬೆರಳು ಚಾಚಿ ಕೂತು, “ನಲವತ್ತು ವರ್ಷದಿಂದ ನನ್ನ ಬೆರಳು ನಾನೇ ಚುಚ್ಕೋತಾ ಇದ್ದೀನಿ. ಯಾರೂ ಕರೆದು ಡಿಗ್ರಿ ಕೊಡ್ಲಿಲ್ಲ ನೋಡು,” ಎಂದಳು. ಹನಿ ದಪ್ಪಗೆ ಮೂಡಿತು. “ನೋಡು, ನನ್ನ ರಕ್ತ ಧಾರಾಳ. ನಿನ್ನ ಗಂಡನ ಹಾಗೆ ಜಿಪುಣ ಅಲ್ಲ.”

ಎಲ್ಲರೂ ನಕ್ಕರು. ಪೆನ್ಸಿಲ್ ಡಬ್ಬಿ ಗುಂಡಿಯ ಶಾಲೆಯ ಚೀಲದಲ್ಲಿತ್ತು, ಚೀಲ ಮಹಡಿಯ ಮೇಲಿತ್ತು. ಹದಿನಾಲ್ಕು ಮೆಟ್ಟಿಲು. ಎದ್ದು ಹೋಗಲು ಮೈ ಬಗ್ಗದೆ, ಮೇಜಿನ ಮೇಲೆ ಬಿದ್ದಿದ್ದ ಪೆನ್ನು ತೆಗೆದು ನಾಲ್ಕರ ಮೇಲೂ ಹೆಸರು ಬರೆದಳು. ಅಷ್ಟು ಓದಿದವಳು, ಹದಿನಾಲ್ಕು ಮೆಟ್ಟಿಲು ಹತ್ತಲಾರದೆ ಹೋದಳು.

ಈಗ ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ. ಹೆಸರು ಹೋದರೆ ಹೋಯಿತು, ಬಣ್ಣ ಹೇಗೆ ಕೂತಿದೆ ನೋಡೋಣ ಎಂದು ಒಣಗಿದ ಸ್ಲೈಡುಗಳನ್ನು ತೆಗೆದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತಳು. ಮೊದಲನೆಯದರಲ್ಲಿ ಬಣ್ಣ ಸ್ವಲ್ಪ ಗಾಢವಾಗಿತ್ತು. ರಕ್ತ ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಮೂರನೆಯದನ್ನು ಇಟ್ಟು, ಎಣ್ಣೆಯ ಹನಿ ಬಿಟ್ಟು, ತಿರುಪು ತಿರುಗಿಸಿದಳು.

ತಿರುಗಿಸುತ್ತಿದ್ದ ಬೆರಳು ಅಲ್ಲೇ ನಿಂತಿತು.

ದೊಡ್ಡ ಕಣವೊಂದು ನಟ್ಟನಡುವೆ ಕೂತಿತ್ತು. ಅದರ ಹೊಟ್ಟೆಯ ತುಂಬ ಕೆಂಪು ಕಡ್ಡಿಗಳು, ಅಡ್ಡ, ಉದ್ದ, ಒಂದರ ಮೇಲೊಂದು. ಸ್ಲೈಡನ್ನು ಒಂದಿಷ್ಟು ಸರಿಸಿದಳು. ಇನ್ನೊಂದು. ಮತ್ತೆ ಸರಿಸಿದಳು. ಮತ್ತೆ ಎರಡು. ರಕ್ತ ನಿಲ್ಲಿಸುವ ಪ್ಲೇಟ್ಲೆಟ್ಟುಗಳು ಧೂಳಿನ ಚುಕ್ಕೆಗಳಂತೆ ಎಲ್ಲ ಕಡೆ ಇರಬೇಕು, ಹುಡುಕಿದರೂ ಸಿಗಲಿಲ್ಲ.

ಪಾಠದ ಪುಸ್ತಕದಲ್ಲಿ ನೂರು ಸಲ ನೋಡಿದ್ದ ಚಿತ್ರ. ಪುಸ್ತಕದಲ್ಲಿ ಅದು ಯಾರದೋ ರಕ್ತವಾಗಿತ್ತು. ಇದು ತಮ್ಮ ಊಟದ ಮೇಜಿನ ಮೇಲೆ ನಗುತ್ತ ಕೂತಿದ್ದ ನಾಲ್ವರಲ್ಲಿ ಒಬ್ಬರದು.

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಕಾಲು. ಫೋನು ಮೇಜಿನ ಮೇಲೆ ಕೈಗೆಟುಕುವಂತೆ ಇತ್ತು.

ಅವಳು ಫೋನು ಮುಟ್ಟಲಿಲ್ಲ. ನಾಲ್ಕನೆಯ ಸ್ಲೈಡು ಇಟ್ಟು ನೋಡಿದಳು. ಅದು ಚೆನ್ನಾಗಿತ್ತು. ಮತ್ತೆ ಮೂರನೆಯದನ್ನು ಇಟ್ಟಳು. ಕಡ್ಡಿಗಳು ಅಲ್ಲೇ ಇದ್ದವು. ಎಲ್ಲಿ ಹೋದಾವು? ಫೋನು ಮಾಡಿದರೆ ದೊಡ್ಡ ಡಾಕ್ಟರಮ್ಮ ಮೊದಲು ಕೇಳುವ ಮಾತು ಯಾರದ್ದು ಎಂಬುದು. ಗೊತ್ತಿಲ್ಲ ಎನ್ನಬೇಕು. ಆಮೇಲೆ ಗುಂಡಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅದು ಅವಳ ನಾಲಿಗೆಗೆ ಬರಲಿಲ್ಲ. ಮೊದಲು ಯಾರದೆಂದು ತಿಳಿದುಕೊಂಡುಬಿಡುತ್ತೇನೆ, ಆಮೇಲೆ ಫೋನು, ಎಂದು ತನಗೆ ತಾನೇ ಹೇಳಿಕೊಂಡಳು. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವಳೇ ಕಪಾಳಕ್ಕೆ ಹೊಡೆಯುತ್ತಿದ್ದಳು.

ಭಯ ಹಿಡಿದ ತಲೆಗೆ ಒಂದೊಂದೇ ನೆನಪಾಗತೊಡಗಿತು. ಗಂಡ ಹದಿನೈದು ದಿನದಿಂದ ಸುಸ್ತು ಎನ್ನುತ್ತಿದ್ದ. ತನ್ನ ಒಸಡಿನಲ್ಲಿ ಮೊನ್ನೆ ಬ್ರಷ್ಷಿಗೆ ರಕ್ತ ಹತ್ತಿತ್ತು. ಗುಂಡಿಯ ಮೊಣಕಾಲ ಕೆಳಗೆ ದುಡ್ಡಿನಗಲ ನೀಲಿ ಕಲೆ. ಸೈಕಲ್ಲಿಂದ ಬಿದ್ದೆ ಎಂದಿದ್ದಳು, ಬಿದ್ದಿದ್ದನ್ನು ಯಾರೂ ನೋಡಿರಲಿಲ್ಲ. ಅತ್ತೆಯ ಮುಂಗೈ ಮೇಲೂ ಒಂದು ಕಲೆ. ಬಾಗಿಲ ಚಿಲಕ ತಾಗಿತು ಎಂದಿದ್ದಳು. ಯಾರ ಮೈಯಲ್ಲಿ ಹುಡುಕಿದರೂ ಕಾಯಿಲೆ ಸಿಕ್ಕುತ್ತಿತ್ತು.

ಆಗ ಪಾಠವೊಂದು ನೆನಪಾಯಿತು. ಹೆಂಗಸರ ರಕ್ತದಲ್ಲಿ ಕೆಲವು ಬಿಳಿಕಣಗಳ ತಿರುಳಿಗೆ ಪುಟ್ಟ ಗುಂಡುತಲೆಯ ಬಾಲವೊಂದು ಅಂಟಿಕೊಂಡಿರುತ್ತದೆ, ಡೋಲು ಬಾರಿಸುವ ಕೋಲಿನ ಹಾಗೆ. ಗಂಡಸರ ರಕ್ತದಲ್ಲಿ ಅದು ಇರುವುದಿಲ್ಲ. ಅದನ್ನು ಹುಡುಕುತ್ತ ಕೂತಳು. ಆ ಸ್ಲೈಡಿನಲ್ಲಿ ಒಳ್ಳೆಯ ಬಿಳಿಕಣಗಳೇ ಅಪರೂಪ. ಒಂದು ಸಿಕ್ಕರೆ ಅದಕ್ಕೆ ಬಾಲವಿಲ್ಲ. ಇನ್ನೊಂದಕ್ಕೂ ಇಲ್ಲ. ಕುತ್ತಿಗೆ ಸೆಟೆದುಕೊಂಡಿತು, ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ಕೂತಳು.

“ಅಷ್ಟು ಹೊತ್ತಿಂದ ಒಂದೇ ಸ್ಲೈಡಾ?” ಪಕ್ಕದಲ್ಲಿ ಹಾದುಹೋಗುತ್ತಿದ್ದ ಪೆನ್ಸಿಲಯ್ಯ ಕೇಳಿದ.

“ಪಾಠಕ್ಕೆ ಅಂತ ಇಟ್ಟಿರೋ ಪೆಟ್ಟಿಗೇದು. ಹಳೇದು.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಪೆನ್ಸಿಲಯ್ಯ ಹೂಂಗುಟ್ಟಿ ಒಂದು ಗಳಿಗೆ ನಿಂತ. ಯಾರೋ ರಕ್ತದ ಟ್ಯೂಬುಗಳ ಬುಟ್ಟಿ ತಂದಿಟ್ಟು ಕೂಗಿದರು. ಅವನು ಹೋದ.

ಹತ್ತೂವರೆಗೆ ಡೋಲಿನ ಕೋಲು ಸಿಕ್ಕಿತು. ಸ್ಪಷ್ಟವಾಗಿತ್ತು, ಅನುಮಾನಕ್ಕೆ ಎಡೆಯಿರಲಿಲ್ಲ. ಹೆಂಗಸಿನ ರಕ್ತ. ಗಂಡ ಬಚಾವಾದ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಲ್ವರ ನಡುವೆ ಹಂಚಿದ್ದ ಭಯ ಈಗ ಮೂವರ ತಲೆಯ ಮೇಲೆ ಕೂತಿತು.

ಹೊಸ ಸೂಜಿ ತೆಗೆದು ತನ್ನ ಬೆರಳಿಗೆ ಚುಚ್ಚಿಕೊಂಡಳು. ಅವಸರದಲ್ಲಿ ಎಳೆದು ಎರಡು ಗಾಜು ಹಾಳು ಮಾಡಿದಳು. ಮೂರನೆಯ ಗಾಜಿಗೆ ಬಣ್ಣ ಹಾಕಿ, ಹತ್ತು ನಿಮಿಷ ಕಾದು, ತೊಳೆದು, ಒಣಗಿಸಿ, ಕಣ್ಣಿಟ್ಟಳು. ಚೆನ್ನಾಗಿತ್ತು. ಪ್ಲೇಟ್ಲೆಟ್ಟುಗಳು ಧಾರಾಳವಾಗಿದ್ದವು. ತನ್ನದಲ್ಲ.

ತನ್ನದೇ ಆಗಿದ್ದರೆ ಒಳ್ಳೆಯದಿತ್ತು. ಈಗ ಉಳಿದವರು ಇಬ್ಬರು. ಮಗಳು, ಅತ್ತೆ.

ಸಣ್ಣ ಡಾಕ್ಟರಮ್ಮ ಎರಡೂ ಅಂಗೈ ಮೇಜಿನ ಮೇಲೆ ಊರಿ ಕಣ್ಣು ಮುಚ್ಚಿದಳು. ತುಟಿ ಅಲುಗಲಿಲ್ಲ, ಆದರೆ ಒಳಗೆ ಮಾತು ಸ್ಪಷ್ಟವಾಗಿ ಹೊರಟಿತು. ಅತ್ತೆಯದಾಗಲಿ. ಗುಂಡಿಯದು ಬೇಡ. ಅತ್ತೆಯದೇ ಆಗಲಿ. ಬಾಣಂತನದಲ್ಲಿ ತನ್ನ ತಲೆಗೆ ನೀರು ಹಾಕಿದವಳು, ಓದಲಿ ಎಂದು ನಾಲ್ಕು ತಿಂಗಳಿಂದ ಮಗುವಿನ ಊಟ, ನಿದ್ದೆ, ಶಾಲೆ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡವಳು. ಅವಳದೇ ಆಗಲಿ. ಮೂರು ಸಲ ಹೇಳಿಕೊಂಡಳು. ನಾಲ್ಕನೆಯ ಸಲ ಅರ್ಧಕ್ಕೇ ಕಣ್ಣು ತೆರೆದಳು.

ಪೆನ್ಸಿಲಯ್ಯ ಅವಳ ಸೂಕ್ಷ್ಮದರ್ಶಕಕ್ಕೆ ಸೌದೆ ಹೊರೆಯ ಆ ಸ್ಲೈಡನ್ನೇ ಏರಿಸಿ, ಬಗ್ಗಿ ನೋಡುತ್ತಿದ್ದ. ಯಾವಾಗ ಬಂದನೋ. ಕೇಳದೆ ನೋಡಿದ್ದ. ತಲೆ ಎತ್ತಿದಾಗ ಅವನ ಮುಖದಲ್ಲಿ ಗೇಲಿ ಇರಲಿಲ್ಲ.

“ಪಾಠದ ಪೆಟ್ಟಿಗೇಲಿರೋದು ಮಾಸಿ ಹೋಗಿರುತ್ತೆ. ಇದರ ಬಣ್ಣ ಇವತ್ತಿಂದು. ಯಾರದ್ದು?”

“ಗೊತ್ತಿಲ್ಲ.”

“ಆ ನಾಲ್ಕರಲ್ಲಿ ಒಂದಾ?”

ಅವಳು ತಲೆಯಾಡಿಸಿದಳು.

“ಮೇಡಂಗೆ ಫೋನ್ ಮಾಡಿದ್ರಾ?”

“ಇಲ್ಲ. ಯಾರದ್ದು ಅಂತ ಮೊದಲು…”

“ಎಷ್ಟೊತ್ತಾಯ್ತು?”

ಅವಳು ಗಡಿಯಾರದ ಕಡೆ ನೋಡಿದಳು. ಹನ್ನೊಂದೂವರೆ ದಾಟಿತ್ತು. ಪೆನ್ಸಿಲಯ್ಯ ಕಿವಿಯ ಮೇಲಿನ ಪೆನ್ಸಿಲು ತೆಗೆದು ಮೇಜಿನ ಮೇಲೆ ಇಟ್ಟ. ಅವನು ಅದನ್ನು ಕಿವಿಯಿಂದ ಇಳಿಸಿ ಸುಮ್ಮನೆ ಇಟ್ಟದ್ದನ್ನು ಆ ಪ್ರಯೋಗಾಲಯದಲ್ಲಿ ಯಾರೂ ನೋಡಿರಲಿಲ್ಲ.

“ಡಾಕ್ಟ್ರೇ, ಯಾರದ್ದು ಅಂತ ಗೊತ್ತಿಲ್ಲದಿದ್ರೆ ನಾಲ್ಕೂ ಜನರನ್ನ ಕರೆಸಿಬಿಡೋದು. ನಾನು ಓದಿದ್ದು ಕಡಿಮೆ, ನನಗೇ ಇಷ್ಟು ಹೊಳೀತು. ನೀವು ಕೂತು ಏನ್ ಮಾಡ್ತಿದ್ರಿ?”

ಅವಳು ಮನೆಗೆ ಫೋನು ಮಾಡಿದಳು. ಆ ಕಡೆ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. ನಿಂತಿತು.

“ಏನ್ ಡಾಕ್ಟ್ರೇ, ಇಷ್ಟೊತ್ತಲ್ಲಿ? ರೋಗಿಗಳೆಲ್ಲ ಗುಣ ಆಗಿ ಮನೆಗೆ ಹೋದ್ರಾ?”

“ಅತ್ತೆ, ನಿನ್ನೆ ಚುಚ್ಚಿದ ಬೆರಳು ಹೇಗಿದೆ?”

“ಬೆರಳಾ? ಅದನ್ಯಾಕೆ ಕೇಳ್ತೀಯ. ರಾತ್ರಿ ಮಲಗೋವರೆಗೂ ಒಸರ್ತಾನೇ ಇತ್ತು. ಬಟ್ಟೆಗೆ ತಾಗುತ್ತೆ ಅಂತ ದಾರ ಸುತ್ಕೊಂಡು ಕೂತಿದ್ದೀನಿ.”

“ನಿನ್ನೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ. ಧಾರಾಳ ಅಂದೆ. ನೀನು ನಕ್ಕೆ.”

ಸಣ್ಣ ಡಾಕ್ಟರಮ್ಮನ ಎದೆಯ ಮೇಲಿಂದ ಕಲ್ಲೊಂದು ಇಳಿಯಿತು. ಗುಂಡಿಯದಲ್ಲ. ಗುಂಡಿಯದಲ್ಲ. ಉಸಿರು ಪೂರ್ತಿ ಹೊರಗೆ ಬಂತು. ಆ ಹಗುರ ಎರಡು ಗಳಿಗೆ ಇತ್ತು. ಅಷ್ಟರಲ್ಲಿ ಅತ್ತೆ ಇನ್ನೊಂದು ಮಾತು ಸೇರಿಸಿದಳು.

“ಬೆಳಗಿಂದ ತಲೆ ಬೇರೆ ಸಿಡೀತಾ ಇದೆ. ಸೂಜಿಗೆ ದಾರ ಪೋಣಿಸೋಕೆ ಹೋದ್ರೆ ಎರಡೆರಡು ಸೂಜಿ ಕಾಣುತ್ತೆ. ಒಂದು ಮಾತ್ರೆ ನುಂಗಿ ಮಲಗಲಾ?”

ತಲೆನೋವು, ಎರಡೆರಡು ಕಾಣುವುದು. ಮಿದುಳಿನೊಳಗೆ ಸೋರುವಾಗ ಶುರುವಾಗುವುದೇ ಹೀಗೆ.

“ಯಾವ ಮಾತ್ರೇನೂ ಬೇಡ. ಮಲಗ್ಬೇಡಿ. ಕತ್ತರಿ, ಸೂಜಿ ಯಾವುದನ್ನೂ ಮುಟ್ಬೇಡಿ. ಕುರ್ಚಿ ಮೇಲೆ ಕೂತಿರಿ. ನಿಮ್ಮ ಮಗನ್ನ ಕಳಿಸ್ತೀನಿ.”

“ಏನಾಯ್ತೇ?”

“ಕೂತಿರಿ ಅತ್ತೆ.”

ಗಂಡನಿಗೆ ಹೇಳಿದ್ದು ನಾಲ್ಕೇ ಮಾತು. ಅವನೂ ನಾಲ್ಕು ಮಾತಿಗಿಂತ ಹೆಚ್ಚು ಕೇಳಲಿಲ್ಲ. ಆಮೇಲೆ ದೊಡ್ಡ ಡಾಕ್ಟರಮ್ಮ.

“ಸೌದೆ ಹೊರೆ ಮೇಡಂ. ನಮ್ಮ ಅತ್ತೇದು.”

“ಯಾವಾಗ ನೋಡಿದೆ?”

“ಒಂಬತ್ತೂ ಕಾಲಿಗೆ.”

“ಈಗ?”

“ಹನ್ನೊಂದೂ ಮುಕ್ಕಾಲು.”

ಬೈಗುಳವಾದರೂ ಬರಲಿ ಎಂದು ಅವಳು ಕಾದಳು. ಬರಲಿಲ್ಲ.

“ಮಾತ್ರೆ ಹಿಡ್ಕೊಂಡು ಬಾಗಿಲಲ್ಲಿ ನಾನೇ ಇರ್ತೀನಿ,” ಎಂದಷ್ಟೇ ಹೇಳಿ ಇಟ್ಟರು.

ಆಸ್ಪತ್ರೆಯ ತುರ್ತು ಬಾಗಿಲಿನಲ್ಲಿ ಕಾಯುವುದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಯಾವಾಗಲೂ ಬಾಗಿಲಿನ ಒಳಗೆ ಇದ್ದವಳು. ಮೂರು ಮಾರು ದೂರದಲ್ಲಿ ದೊಡ್ಡ ಡಾಕ್ಟರಮ್ಮ ಒಂದು ಕೈಯಲ್ಲಿ ಮಾತ್ರೆ, ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದರು. ಇವಳ ಕಡೆ ತಿರುಗಿಯೂ ನೋಡಲಿಲ್ಲ. ಬರುವ ಪ್ರತಿಯೊಂದು ವಾಹನವೂ ಖಾಲಿಯಾಗಿ ನಿಂತು ಹೋಗುತ್ತಿತ್ತು, ಇಲ್ಲವೇ ಬೇರೆ ಯಾರನ್ನೋ ಇಳಿಸುತ್ತಿತ್ತು. ದಾರಿಯಲ್ಲಿ ಒಂದು ಹಳ್ಳಕ್ಕೆ ಚಕ್ರ ಇಳಿದು ತಲೆ ಬಡಿದರೆ? ಇಳಿಯುವಾಗ ಕಾಲು ಜಾರಿದರೆ? ಬಾಗಿಲು ತೆಗೆದಾಗ ಅತ್ತೆ ಮಾತಾಡದೆ ಮಗನ ಭುಜಕ್ಕೆ ಒರಗಿ ಕೂತಿದ್ದರೆ? ಬೇಡಿಕೊಂಡದ್ದು ಸಿಕ್ಕಿತ್ತು. ಈಗ ಅದನ್ನು ವಾಪಸು ಕೊಡಲು ಯಾರ ಹತ್ತಿರ ಹೋಗಬೇಕೋ ತಿಳಿಯಲಿಲ್ಲ.

ಹನ್ನೆರಡೂ ಇಪ್ಪತ್ತಕ್ಕೆ ಟ್ಯಾಕ್ಸಿ ಬಂತು. ಅತ್ತೆ ತಾನೇ ಇಳಿದಳು. ತೊಡೆಯ ಮೇಲಿಟ್ಟುಕೊಂಡಿದ್ದ ಅರ್ಧ ಹೊಲಿದ ಹಳದಿ ಅಂಗಿಯನ್ನು ಬಿಟ್ಟಿರಲಿಲ್ಲ. ಮಗ ಅದನ್ನು ಕಸಿಯಲು ಹೋಗಿ ಬೈಸಿಕೊಂಡಿದ್ದನಂತೆ. ದೊಡ್ಡ ಡಾಕ್ಟರಮ್ಮ ನಿಂತಲ್ಲೇ ಅವಳ ಬಾಯಿಗೆ ಮಾತ್ರೆ ಹಾಕಿ, ನೀರು ಕುಡಿಸಿ, ಆಮೇಲೆ ಹೆಸರು ಕೇಳಿದರು.

“ಮೊದಲು ನುಂಗಿಸಿ ಆಮೇಲೆ ಹೆಸರು ಕೇಳ್ತೀರಲ್ಲ, ಇದ್ಯಾವ ಮರ್ಯಾದೆ?” ಎಂದಳು ಅತ್ತೆ.

“ನಿಮ್ಮ ಸೊಸೆಗೆ ಕಲಿಸ್ತಾ ಇದ್ದೀನಿ,” ಎಂದರು ದೊಡ್ಡ ಡಾಕ್ಟರಮ್ಮ.

ಒಳಗೆ ಕರೆದುಕೊಂಡು ಹೋಗಿ ರಕ್ತ ತೆಗೆದರು. ಗುಂಡಿಯ ಮತ್ತು ಅವಳ ಅಪ್ಪನ ರಕ್ತದಿಂದಲೂ ಹೊಸ ಸ್ಲೈಡು ಮಾಡಿಸಬೇಕೆಂದು ಹೇಳಿದರು. ಆಮೇಲೆ ಅತ್ತೆಯನ್ನು ತಲೆಯ ಸ್ಕ್ಯಾನಿಗೆ ಕಳಿಸಿ, ಸಣ್ಣ ಡಾಕ್ಟರಮ್ಮನನ್ನು ಓಣಿಯಲ್ಲಿ ನಿಲ್ಲಿಸಿಕೊಂಡರು.

“ಇವತ್ತಿಂದ ನೀನು ಈಕೆಗೆ ಡಾಕ್ಟರ್ ಅಲ್ಲ. ಫೈಲು ಮುಟ್ಟಂಗಿಲ್ಲ, ಸ್ಲೈಡು ನೋಡಂಗಿಲ್ಲ. ಹೊರಗೆ ಬೆಂಚಿನ ಮೇಲೆ ಎಲ್ಲರ ಹಾಗೆ ಕೂತಿರು. ನಾಳೆ ಬೆಳಗ್ಗೆ ಪಾಠದ ಕೋಣೇಲಿ ಎಲ್ಲರ ಮುಂದೆ ನಿಂತು, ಆ ಎರಡೂವರೆ ಗಂಟೇಲಿ ಏನೇನ್ ಮಾಡ್ದೆ ಅಂತ ಹೇಳ್ಬೇಕು. ಒಂದೂ ಬಿಡದೆ.”

ಒಂದೂ ಬಿಡದೆ ಎಂದರೆ ಬೇಡಿಕೊಂಡದ್ದನ್ನೂ ಹೇಳಬೇಕೇ ಎಂದು ಕೇಳದೆ ಬೆಂಚಿನ ಕಡೆ ನಡೆದಳು.

ಸ್ಕ್ಯಾನು ಮುಗಿಯುವ ತನಕದ ಹೊತ್ತನ್ನು ಅವಳು ಬೆಂಚಿನ ಮೇಲೆ ಹೇಗೆ ಕಳೆದಳೋ. ಗಂಡ ಪಕ್ಕದಲ್ಲಿ ಕೂತು ಅಂಗೈ ಅಂಗೈ ಉಜ್ಜುತ್ತಿದ್ದ, ಗಾಜು ಉಜ್ಜಿದ ಹಾಗೆ. “ಅಮ್ಮಂಗೆ ಏನಾದ್ರೂ ಆಗುತ್ತಾ?” ಎಂದು ಒಂದೇ ಸಲ ಕೇಳಿದ. “ಗೊತ್ತಿಲ್ಲ” ಎಂದಳು. ಅಷ್ಟೊಂದು ಓದಿ ಸಿಕ್ಕಿದ್ದು ಆ ಒಂದು ಪದ.

ಮಿದುಳಿನಲ್ಲಿ ರಕ್ತ ಸೋರಿರಲಿಲ್ಲ. “ಇವತ್ತಿಗೆ,” ಎಂದು ದೊಡ್ಡ ಡಾಕ್ಟರಮ್ಮ ಆ ಪದವನ್ನು ಒತ್ತಿ ಹೇಳಿದರು. “ಇನ್ನು ಹತ್ತು ಹನ್ನೆರಡು ದಿನ ಯಾವ ಗಳಿಗೇಲಿ ಬೇಕಾದ್ರೂ ಆಗ್ಬಹುದು. ಅದು ದಾಟಿದ್ರೆ ಮಾತಾಡೋಣ.” ಶಾಲೆಯಿಂದ ಕರೆಸಿದ್ದ ಗುಂಡಿಯ ಸ್ಲೈಡನ್ನು ಪೆನ್ಸಿಲಯ್ಯನೇ ಮಾಡಿ, ನೋಡಿ, ಚೆನ್ನಾಗಿದೆ ಎಂದು ಹೇಳಿಕಳಿಸಿದ್ದ.

ಸಂಜೆ ಐದು ಗಂಟೆಗೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಅತ್ತೆಯ ಕೈಗೆ ಪ್ಲೇಟ್ಲೆಟ್ಟಿನ ಚೀಲದಿಂದ ಹಳದಿ ನೀರು ಇಳಿಯುತ್ತಿತ್ತು. ಸೆರಗಿನ ಗುಂಡುಸೂಜಿಗಳನ್ನೆಲ್ಲ ನರ್ಸು ಕಿತ್ತು ಒಂದು ಬಟ್ಟಲಿಗೆ ಹಾಕಿದ್ದಳು.

“ಬಾ. ನನಗೆ ಪಾಷಾಣ ಕೊಡ್ತಾರಂತೆ,” ಎಂದಳು ಅತ್ತೆ. “ನಿಮ್ಮ ಮೇಡಮ್ಮೇ ಹೇಳಿದ್ರು. ಆ ಮಾತ್ರೆ ಜೊತೆ ದಿನಾ ನರದ ಮೂಲಕ ಪಾಷಾಣ. ಅದೇ ಮದ್ದಂತೆ ಇದಕ್ಕೆ.”

“ಹೌದು ಅತ್ತೆ. ಅಳತೆ ಮಾಡಿ ಕೊಡ್ತಾರೆ.”

“ಸೊಸೆ ಆಸ್ಪತ್ರೆಗೆ ಸೇರಿಸಿ ಪಾಷಾಣ ಹಾಕ್ಸಿದ್ಲು ಅಂತ ಬೀದಿಗೆಲ್ಲ ಹೇಳ್ತೀನಿ. ಯಾರೂ ಇಲ್ಲ ಅನ್ನಂಗಿಲ್ಲ.”

ಸಣ್ಣ ಡಾಕ್ಟರಮ್ಮ ನಗಲು ಹೋದಳು. ಮುಖ ಅದಕ್ಕೆ ಒಪ್ಪಲಿಲ್ಲ. ಅತ್ತೆ ಅವಳನ್ನೇ ನೋಡುತ್ತಿದ್ದಳು. ಬಟ್ಟೆಯ ನೇಯ್ಗೆಯಲ್ಲಿ ತಪ್ಪಿದ ಎಳೆ ಹುಡುಕುವ ಕಣ್ಣು ಅದು.

“ಗುಂಡೀದೋ ನಂದೋ ಅಂತ ಗೊತ್ತಿರ್ಲಿಲ್ವಂತೆ. ನಿನ್ನ ಗಂಡ ಹೇಳ್ದ. ಆಗ ಏನ್ ಮಾಡ್ದೆ?”

“ಕೂತಿದ್ದೆ.”

“ಸುಮ್ನೆ ಕೂತಿದ್ದಾ?”

ಹೇಳದೆ ಇರಬಹುದಿತ್ತು. ಆದರೆ ಬೆಳಗಿನಿಂದ ಮುಚ್ಚಿಟ್ಟು ಮುಚ್ಚಿಟ್ಟು ಏನಾಯಿತೆಂದು ಅವಳು ನೋಡಿದ್ದಳು.

“ನಿಮ್ಮದಾಗ್ಲಿ ಅಂತ ಬೇಡ್ಕೊಂಡೆ.”

ಅತ್ತೆ ಚಾವಣಿಯ ಕಡೆ ಮುಖ ತಿರುಗಿಸಿದಳು. ಚೀಲದಿಂದ ಹನಿ ಇಳಿಯಿತು, ಇನ್ನೊಂದು ಇಳಿಯಿತು.

“ನಾನಾಗಿದ್ರೂ ಅದನ್ನೇ ಬೇಡ್ಕೋತಿದ್ದೆ,” ಎಂದಳು ಕೊನೆಗೆ. “ಆದ್ರೆ ನೀನು ನನಗೆ ಹೇಳ್ಬಾರ್ದಿತ್ತು ಕಣೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಹಿಸಬಹುದಿತ್ತು.

ಹೊತ್ತು ಮುಗಿಯಿತೆಂದು ನರ್ಸು ಬಾಗಿಲಲ್ಲಿ ನಿಂತಳು. ಅತ್ತೆ ತಲೆದಿಂಬಿನ ಪಕ್ಕದಿಂದ ಹಳದಿ ಅಂಗಿಯನ್ನು ಎಳೆದು ಕೊಟ್ಟಳು.

“ಎದುರುಮನೆ ಹುಡುಗೀದು. ಗುರುವಾರಕ್ಕೆ ಬೇಕು ಅಂದಿದ್ದಾಳೆ. ತೋಳಿಗೆ ಬಳಪದಲ್ಲಿ ಗುರುತು ಹಾಕಿದ್ದೀನಿ, ಹೊಲಿಗೆ ಎಲ್ಲಿ ಬರ್ಬೇಕು ಅಂತ. ಮಡಚಬೇಡ, ಒದರಬೇಡ. ಬಳಪ ಉದುರಿಹೋದ್ರೆ ಆ ಅಳತೆ ಮತ್ತೆ ಸಿಗಲ್ಲ. ನಾನು ಬಂದು ಹೊಲೀತೀನಿ.”

“ಹೂಂ ಅತ್ತೆ.”

“ನಾನೇ ಬಂದು ಹೊಲೀತೀನಿ,” ಎಂದು ಅತ್ತೆ ಮತ್ತೊಮ್ಮೆ ಹೇಳಿದಳು, ಯಾರೋ ಬೇಡ ಎಂದಿದ್ದರೇನೋ ಎಂಬಂತೆ. ಮಾತಿನ ಕೊನೆಗೆ ಹಣೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಕಿರಿದು ಮಾಡಿದಳು. ತಲೆನೋವು ಇನ್ನೂ ಹೋಗಿರಲಿಲ್ಲ.

ಸಣ್ಣ ಡಾಕ್ಟರಮ್ಮ ಅಂಗಿಯನ್ನು ಎರಡೂ ಅಂಗೈಗಳ ಮೇಲೆ ಹರಡಿಕೊಂಡು ಹೊರಗೆ ಬಂದಳು. ಪೆನ್ಸಿಲಯ್ಯ ಕೆಲಸ ಮುಗಿಸಿ ಎದುರಿನಿಂದ ಬರುತ್ತಿದ್ದ. ಏನೋ ಹೇಳಲು ಬಂದವನು ಅವಳ ಕೈ ನೋಡಿ, ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಓಣಿಯ ತುದಿಯ ಕಿಟಕಿ ತೆರೆದಿತ್ತು, ಗಾಳಿ ಬೀಸುತ್ತಿತ್ತು. ಅವಳು ಅಂಗಿಗೆ ಮೈ ಅಡ್ಡ ಮಾಡಿಕೊಂಡು, ಬಳಪದ ಆ ಬಿಳಿ ಗೀಟಿನ ಮೇಲಿಂದ ಕಣ್ಣು ಕೀಳದೆ, ಉಸಿರು ಬಿಟ್ಟರೆ ಎಲ್ಲಿ ಹಾರಿಹೋದೀತೋ ಎಂದು ಉಸಿರು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ನಡೆದಳು.